ಒಂದು ಬೆಂಚಿನ ವಿಚಾರ

ಪರವೂರಿನಲ್ಲಿ ಬಾಳುವವರಿಗೆಲ್ಲ ಒಂದು ಉತ್ತರ ಬಾಯಿಪಾಠವಾಗಿರುತ್ತದೆ. "ನಿಮ್ಮೂರು ಯಾವುದು?" ಎಂದು ಯಾರಾದರೂ ಕೇಳಿದರೆ, ಇರುವ ಊರಿನ ಹೆಸರು ನಾಲಿಗೆಯ ಮೇಲೆ ಬರುವುದೇ ಇಲ್ಲ. ನಾವು 1978ರಲ್ಲಿ ಪುಣೆಗೆ ಬಂದವರು. ಮಕ್ಕಳು ಇಲ್ಲಿಯೇ ಹುಟ್ಟಿದರು, ಇಲ್ಲಿಯೇ ಕಲಿತರು. ನೌಕರಿಯೂ ಇಲ್ಲಿ, ನಿವೃತ್ತಿಯೂ ಇಲ್ಲಿ. ಆದರೂ ಕೇಳಿದವರಿಗೆಲ್ಲ "ನಮ್ಮದು ಧಾರವಾಡ" ಎಂದೇ ಹೇಳುತ್ತ ಬಂದೆವು. ವಾಚಕರಲ್ಲಿ ಬಹುಮಂದಿ ಹೀಗೆಯೇ ಹೇಳುವವರೆಂದು ಬಲ್ಲೆವು. ಇದರಲ್ಲಿ ತಪ್ಪೇನಿದೆಯೆಂದು 2019ರ ಬೇಸಗೆಯವರೆಗೆ ನಾವು ಯೋಚಿಸಿರಲಿಲ್ಲ.

ಆ ವರ್ಷದ ಮೇ ತಿಂಗಳಲ್ಲಿ ನಾವೂ ನಮ್ಮ ಮನೆಯವರೂ ಮಗಳ ಮನೆಗೆ ಹೋದೆವು. ಮಗಳು ಅಳಿಯ ಇರುವುದು ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ. ಊರು ಆ ದೇಶದ ಪೂರ್ವದಂಚಿಗಿದೆ. ರೈನ್ ನದಿಯನ್ನು ದಾಟಿದರೆ ಜರ್ಮನಿಯ ಕೇಲ್ ಎಂಬ ಸಣ್ಣ ಊರು. 2017ರಿಂದ ಸ್ಟ್ರಾಸ್‌ಬರ್ಗಿನ ಟ್ರಾಮ್ ಗಾಡಿ ಸೇತುವೆಯ ಮೇಲೆ ಹಾದು ಆ ಊರಿಗೂ ಹೋಗುತ್ತದೆ. ಮೊದಲ ದಿನ ನಮ್ಮ ಮನೆಯವರು ಪಾಸ್‌ಪೋರ್ಟನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡೇ ಕುಳಿತಿದ್ದರು. ನೋಡುವವರಾರೂ ಬರಲಿಲ್ಲ. ಆಚೆ ದಂಡೆಯಲ್ಲಿ ಇಳಿದು, ಪೇಟೆ ಸುತ್ತಿ, ಒಂದು ಕಿಲೋ ಚೆರ್ರಿ ಹಣ್ಣು ಕೊಂಡು ಬಂದೆವು. ಪರದೇಶಕ್ಕೆ ಹೋಗಿ ಬಂದಂತೆ ಅವರಿಗೆ ಅನಿಸಲೇ ಇಲ್ಲವಂತೆ.

ಈ ಸರಾಗ ಮೊದಲಿನಿಂದ ಇದ್ದದ್ದಲ್ಲ. ಈ ಊರು 1871ರಲ್ಲಿ ಜರ್ಮನಿಗೆ ಸೇರಿತು, 1918ರಲ್ಲಿ ತಿರುಗಿ ಫ್ರಾನ್ಸಿಗೆ, 1940ರಲ್ಲಿ ಮತ್ತೆ ಜರ್ಮನರ ಕೈಗೆ, 1944ರಲ್ಲಿ ಮತ್ತೆ ಫ್ರೆಂಚರ ಕೈಗೆ. ಮನೆಯ ಹೊಸ್ತಿಲು ದಾಟದ ಮುದುಕಿಗೆ ನಾಲ್ಕು ಸಲ ದೇಶ ಬದಲಾಯಿತು. ಹಳೆಯ ಪೇಟೆಯ ಬೀದಿಗಳ ಹೆಸರನ್ನು ಇಂದಿಗೂ ಫ್ರೆಂಚಿನಲ್ಲಿಯೂ ಅಲ್ಲಿಯ ಆಡುನುಡಿಯಲ್ಲಿಯೂ ಬರೆದಿದ್ದಾರೆ. ಧಾರವಾಡದವರಿಗೆ ಇದು ತೀರ ಹೊಸದಲ್ಲ. ನಮ್ಮ ತಂದೆಯವರೂ ಕಟ್ಟೆಯಿಂದಿಳಿಯದೆ 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದರು. ಆದರೆ ನಮ್ಮಲ್ಲಿ ಆ ದಿನ ಪೇಢೆ ಹಂಚಿದರು. ಇವರಲ್ಲಿ ಪ್ರತಿಸಲವೂ ಹೆಣಗಳು ಉರುಳಿದವು.

ಇಷ್ಟೆಲ್ಲ ಆದಮೇಲೆ, 1963ರ ಜನವರಿ 22ರಂದು, ಫ್ರಾನ್ಸಿನ ದ ಗೋಲ್ ಮತ್ತು ಜರ್ಮನಿಯ ಅಡೆನವರ್ ಇಬ್ಬರು ವೃದ್ಧರೂ ಒಂದು ಒಪ್ಪಂದಕ್ಕೆ ರುಜು ಹಾಕಿದರು. ಅದರ ಫಲವಾಗಿ ಅದೇ ವರ್ಷ ಎರಡೂ ದೇಶಗಳ ತರುಣರನ್ನು ಕೂಡಿಸುವ ಒಂದು ಕಚೇರಿ ಹುಟ್ಟಿತು. ಅಂದಿನಿಂದ ಇಂದಿನವರೆಗೆ 90 ಲಕ್ಷಕ್ಕೂ ಹೆಚ್ಚು ಹುಡುಗ ಹುಡುಗಿಯರು ಅದರ ಮೂಲಕ ಅತ್ತಿತ್ತ ಹೋಗಿಬಂದಿದ್ದಾರೆ. ಮುಂದೆ ಇದೇ ಪದ್ಧತಿಯನ್ನು ಯುರೋಪಿನ ದೇಶಗಳೆಲ್ಲ ಕೂಡಿ ನಡೆಸತೊಡಗಿದವು. ಹದಿಮೂರರಿಂದ ಮೂವತ್ತು ವರ್ಷದೊಳಗಿನವರು, ಐದು ದಿನಕ್ಕೆ ಕಡಿಮೆಯಿಲ್ಲದಂತೆ, ಇಪ್ಪತ್ತೊಂದು ದಿನ ಮೀರದಂತೆ, ಬೇರೆ ಬೇರೆ ದೇಶಗಳಿಂದ ಒಂದೂರಿಗೆ ಬಂದು ಕೂಡಿ ಇರಬೇಕು, ಒಂದು ವಿಷಯ ಹಿಡಿದು ಕೆಲಸ ಮಾಡಬೇಕು. ಪರೀಕ್ಷೆ ಇಲ್ಲ, ಅಂಕ ಇಲ್ಲ. ಕೊನೆಗೊಂದು ಪ್ರಮಾಣಪತ್ರ, ಅದರಲ್ಲಿಯೂ ತಾನು ಏನು ಕಲಿತೆನೆಂಬುದನ್ನು ಕಲಿತವರೇ ಬರೆದುಕೊಳ್ಳಬೇಕು! ನಮ್ಮ ಕಾಲದ ಮಾಸ್ತರರು ಕೇಳಿದ್ದರೆ ಏನೆನ್ನುತ್ತಿದ್ದರೋ.

ನಮ್ಮ ಮೊಮ್ಮಗಳಿಗೆ ಆಗ ಹದಿನಾರು. ಜುಲೈ ಕೊನೆಯಲ್ಲಿ ಅಂಥ ಒಂದು ಶಿಬಿರ ಅವಳ ಊರಿನಲ್ಲಿಯೇ ಒಂಬತ್ತು ದಿನ ನಡೆಯಿತು. ಪೋರ್ತುಗಾಲದಿಂದ ಎಂಟು ಮಂದಿ, ಆಸ್ಟ್ರಿಯದಿಂದ ಎಂಟು, ಫ್ರಾನ್ಸಿನವರು ಎಂಟು. ಫ್ರಾನ್ಸಿನ ಎಂಟರಲ್ಲಿ ನಮ್ಮ ಹುಡುಗಿಯೂ ಒಬ್ಬಳು. ಅಲ್ಲಿ ವಾಸವಾಗಿದ್ದರೆ ಸಾಕು. ವಿಷಯ, ಊರು ಯಾರದು ಎಂಬುದು. ಮೊದಲ ರಾತ್ರಿ ಮೂರೂ ದೇಶದವರು ತಂತಮ್ಮ ತಿಂಡಿ ತರಬೇಕೆಂದಾಗ, ಫ್ರಾನ್ಸಿನ ಪರವಾಗಿ ಅಜ್ಜಿಯ ಚಕ್ಕುಲಿ ಹೋಯಿತು. ಡಬ್ಬಿ ಬರಿದಾಗಿ ಬಂತು.

ಆಸ್ಟ್ರಿಯದ ಹುಡುಗರ ಮೇಲೆ ಇವಳಿಗೆ ಒಂದು ಹೊಟ್ಟೆಕಿಚ್ಚು. ಅವರ ದೇಶದಲ್ಲಿ 2007ರಿಂದಲೇ ಹದಿನಾರಕ್ಕೆ ಮತದ ಹಕ್ಕಿದೆ. ಆ ಮೇ ತಿಂಗಳಲ್ಲಿ ಯುರೋಪಿನ ಪಾರ್ಲಿಮೆಂಟಿಗೆ ಚುನಾವಣೆ ನಡೆದಾಗ ಅವರಲ್ಲಿ ಇಬ್ಬರು ಮೂವರು ಮತ ಹಾಕಿಯೂ ಬಂದಿದ್ದರು. ಆ ಪಾರ್ಲಿಮೆಂಟು ಕೂಡುವುದು ಇವಳ ಮನೆಯಿಂದ ಅರ್ಧ ತಾಸಿನ ಹಾದಿಯಲ್ಲಿ. ಇವಳಿಗೆ ಮತ ಇಲ್ಲ. "ಅವರ ವೋಟು ನಮ್ಮೂರಿಗೆ ಬರ್ತದ, ನಮ್ಮ ವೋಟು ಎಲ್ಲಿಗೂ ಹೋಗೂದಿಲ್ಲ" ಎಂದು ಗೊಣಗಿದಳು. "ನಮ್ಮೂರು" ಎಂದಳು, ಸ್ಟ್ರಾಸ್‌ಬರ್ಗಿಗೆ. ನಮ್ಮ ಮನಸ್ಸಿಗೆ ಚುರ್ ಎಂದಿತು, ಆದರೆ ಸುಮ್ಮನಿದ್ದೆವು.

ನಾಲ್ಕನೆಯ ದಿನ ಹುಡುಗರಿಗೆ ಮುದುಕರು ಬೇಕಾದರು. ಊರನ್ನು ಮುದುಕರ ಕಾಲಿನಿಂದ ಅಳೆಯಬೇಕೆಂದು ಶಿಬಿರದವರು ಗೊತ್ತುಮಾಡಿದ್ದರು. ನಮ್ಮ ಮನೆಯವರು "ನಾ ಬರ್ತೇನಿ" ಎಂದು ಚಪ್ಪಲಿ ಮೆಟ್ಟಿಯೇಬಿಟ್ಟರು. ಟ್ರಾಮಿನ ನಿಲ್ದಾಣದಿಂದ ಕಾಯಿಪಲ್ಯದ ಸಂತೆಯವರೆಗೆ ನಡೆಯಬೇಕು. ಎಲ್ಲಿ ಕೂಡಬೇಕೆನಿಸುತ್ತದೆಯೋ ಅಲ್ಲಿ ಹೇಳಬೇಕು. ಒಬ್ಬ ಪೋರ್ತುಗೀಸ ಹುಡುಗ ಅಲ್ಲಿ ಸೀಮೆಸುಣ್ಣದಿಂದ ಗುಂಡಗೆ ಒಂದು ಗುರುತು ಹಾಕುತ್ತಿದ್ದ. ಒಬ್ಬಳು ಗಡಿಯಾರ ಹಿಡಿದಿದ್ದಳು. ಇನ್ನೊಬ್ಬಳು ಅಲ್ಲಿ ನೆರಳಿದೆಯೇ ಎಂದು ಬರೆಯುತ್ತಿದ್ದಳು. ನೆರಳಿನ ಮಾತು ಆ ವಾರ ಸಣ್ಣದಾಗಿರಲಿಲ್ಲ. ಜುಲೈ 25ರಂದು ಪ್ಯಾರಿಸ್ಸಿನಲ್ಲಿ 42.6 ಡಿಗ್ರಿ ಸೆಕೆಯಾಗಿ ಅಲ್ಲಿಯ ಹಿಂದಿನ ದಾಖಲೆಗಳೆಲ್ಲ ಮುರಿದಿದ್ದವು. ಸ್ಟ್ರಾಸ್‌ಬರ್ಗಿನಲ್ಲಿಯೂ ಕಬ್ಬಿಣದ ಕಟಕಟೆ ಮುಟ್ಟಿದರೆ ಕೈ ಸುಡುತ್ತಿತ್ತು.

ಇವರು ಹೇಳುವುದು ಕನ್ನಡದಲ್ಲಿ, ಮೊಮ್ಮಗಳು ಅದನ್ನು ಫ್ರೆಂಚಿಗೂ ಇಂಗ್ಲಿಷಿಗೂ ತಿರುಗಿಸುವುದು. ಆರು ಕಡೆ ಸೀಮೆಸುಣ್ಣದ ಗುಂಡು ಬಿದ್ದವು. ಆರನೆಯದರ ಹತ್ತಿರ ಗಡಿಯಾರದ ಹುಡುಗಿ ಏನೋ ಕೇಳಿದಳು. ನಿಮ್ಮೂರಿನಲ್ಲಿ ಸಂತೆಗೆ ಹೋಗುವಾಗ ಎಲ್ಲಿ ಕೂಡುತ್ತೀರಿ ಎಂದು.

"ಹೋಗೂದು ಬಿಟ್ಟು ಎರಡು ವರ್ಷ ಆತು. ನಡುವ ಕೂಡಾಕ ಒಂದು ಜಾಗಾ ಇಲ್ಲ. ಮೊಣಕಾಲು ತಡಿಯೂದಿಲ್ಲ" ಎಂದರು ನಮ್ಮ ಮನೆಯವರು, ಬಹಳ ಸಹಜವಾಗಿ.

ನಾವು ಪಕ್ಕದಲ್ಲಿಯೇ ನಿಂತಿದ್ದೆವು. ಎರಡು ವರ್ಷದಿಂದ ಮನೆಗೆ ಕಾಯಿಪಲ್ಯ ತರುತ್ತಿರುವವರು ನಾವೇ. ಅವರಿಗೆ ಪೇಟೆಯ ಗದ್ದಲ ಬೇಸರವಾಗಿರಬೇಕೆಂದು ತಿಳಿದಿದ್ದೆವು. ಅವರಿಗೆ ಮೆಂತ್ಯದ ಸಿವುಡು ತಾವೇ ತಿರುವಿ ನೋಡಿ ಆರಿಸುವ ಹವ್ಯಾಸ. ನಾವು ತಂದ ಸೊಪ್ಪನ್ನು ಕಂಡು ದಿನಾ ಮೋರೆ ಸಣ್ಣಗೆ ಮಾಡುತ್ತಿದ್ದರು. ಏಕೆ ಬರುವುದಿಲ್ಲವೆಂದು ನಾವು ಒಂದು ದಿನವೂ ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ. ಹೇಳಿದ್ದರೂ ನಾವು ಏನು ಮಾಡುತ್ತಿದ್ದೆವು? "ಅವರ ಊರು, ಅವರ ರಸ್ತೆ" ಎಂದು ಕೈ ಝಾಡಿಸುತ್ತಿದ್ದೆವು. ಯಾರದೋ ದೇಶದ ಯಾವಳೋ ಹುಡುಗಿ ಕೇಳಬೇಕಾಯಿತು.

ಕೊನೆಯ ದಿನ ನಗರಸಭೆಯ ಒಂದು ದಿವಾಣಖಾನೆಯಲ್ಲಿ ಹುಡುಗರು ನಕಾಶೆ ತೂಗುಹಾಕಿ ತಮ್ಮ ಮಾತು ಒಪ್ಪಿಸಿದರು. ಅಧಿಕಾರಿಯೊಬ್ಬರು ಬಂದು ಕೂತು ಕೇಳಿದರು. ಎರಡು ಕಡೆ ಬೆಂಚು ಸಾಧ್ಯ, ಒಂದು ಕಡೆ ನೆಲದೊಳಗೆ ಕೊಳವೆಗಳಿರುವುದರಿಂದ ಗಿಡ ನೆಡಲು ಬಾರದು, ಮಿಕ್ಕದ್ದನ್ನು ನೋಡಬೇಕು ಎಂದು ನೇರವಾಗಿ ಹೇಳಿದರು. ಪೊಳ್ಳು ಆಶ್ವಾಸನೆ ಕೊಡದ್ದು ನಮಗೆ ಹಿಡಿಸಿತು. ಹುಡುಗರಿಗೆ ಹಿಡಿಸಲಿಲ್ಲ, ಕೊಳವೆಯ ಮೇಲೆ ಅರ್ಧ ತಾಸು ವಾದ ಹಾಕಿದರು.

ಅನಂತರ ಪೋರ್ತುಗಾಲದ ತಂಡದ ಮುಖ್ಯಸ್ಥೆ ಮಾತಾಡಿದಳು. ಊರಿನ ಮುಂಗಡಪತ್ರದ ಒಂದು ಪಾಲನ್ನು ಊರ ಜನರೇ ಗೊತ್ತುಮಾಡುವ ಪದ್ಧತಿ ಬ್ರೆಜಿಲಿನ ಪೋರ್ತು ಅಲೆಗ್ರೆಯಲ್ಲಿ 1989ರಲ್ಲಿ ಸುರುವಾಯಿತು, ತಮ್ಮ ಲಿಸ್ಬನ್ನಿಗೆ 2008ರಲ್ಲಿ ಬಂತು, ಪ್ಯಾರಿಸ್ಸಿಗೆ 2014ರಲ್ಲಿ ಬಂತು, ಅಲ್ಲಿ ಯಾವ ದೇಶದವರಾದರೂ ಎಷ್ಟು ವಯಸ್ಸಿನವರಾದರೂ ಊರಲ್ಲಿದ್ದರೆ ಸಾಕು ಎಂದೆಲ್ಲ ವಿವರಿಸಿ, "ಭಾರತದ ಪುಣೆಯಲ್ಲಿ 2006ರಿಂದಲೇ ನಾಗರಿಕರು ತಮ್ಮ ಪ್ರಭಾಗಕ್ಕೆ ಏನು ಬೇಕೆಂದು ಬರೆದು ಕೊಡುತ್ತಾರೆ" ಎಂದಳು. ಆಮೇಲೆ ನಮ್ಮ ಕಡೆ ತಿರುಗಿ, "ನೀವು ಪುಣೆಯವರಲ್ಲವೇ? ಹೇಗೆ ನಡೆಯುತ್ತದೆ?" ಎಂದು ಕೈ ಜೋಡಿಸಿ ಕೇಳಿದಳು.

ಇಪ್ಪತ್ತನಾಲ್ಕು ಜೊತೆ ಕಣ್ಣುಗಳು ನಮ್ಮ ಮೇಲೆ. ಅಂಥದೊಂದು ಇದೆಯೆಂಬುದೇ ನಮಗೆ ತಿಳಿದಿರಲಿಲ್ಲ. "ವೆರಿ ಗುಡ್, ವೆರಿ ಗುಡ್" ಎಂದು ತಲೆಯಾಡಿಸಿದೆವು. ಚಪ್ಪಾಳೆ ಬಿತ್ತು.

ಮನೆಗೆ ಹೋಗುವ ಟ್ರಾಮಿನಲ್ಲಿ ಮೊಮ್ಮಗಳು ನಮ್ಮೆದುರಿಗೆ ಕೂತಿದ್ದಳು. ಈ ಟ್ರಾಮಿನ ಕಥೆಯನ್ನು ಅವಳೇ ಹಿಂದೆ ಹೇಳಿದ್ದಳು. ಹಳೆಯ ಟ್ರಾಮನ್ನು 1960ರಲ್ಲಿ ಕಿತ್ತುಹಾಕಿದ್ದರಂತೆ. ನೆಲದಡಿಯ ರೈಲೋ, ರಸ್ತೆಯ ಮೇಲಿನ ಟ್ರಾಮೋ ಎಂಬ ವಾದವೇ 1989ರ ನಗರ ಚುನಾವಣೆಯ ವಾದವಾಗಿ, ಟ್ರಾಮಿನ ಪಕ್ಷ ಹಿಡಿದ ಕಾತರೀನ್ ತ್ರೋತ್ಮನ್ ಗೆದ್ದು ಮೇಯರಾದರು. 1994ರಲ್ಲಿ ಗಾಡಿ ಓಡಿತು. ಇಂದು ಕಥೆ ಇಲ್ಲ. ಎರಡು ನಿಲ್ದಾಣ ದಾಟಿದ ಮೇಲೆ ಮೆಲ್ಲಗೆ ಕೇಳಿದಳು:

"ಅಜ್ಜಾ, ನಿಮಗ ಅದು ಗೊತ್ತಿರಲಿಲ್ಲ, ಹೌದಿಲ್ಲೋ?"

"ಇಲ್ಲವಾ."

"ಪುಣೆದಾಗ ನಿಮ್ಮ ವೋಟು ಅದನೋ ಇಲ್ಲೋ?"

ವಾಚಕರ ಮುಂದೆ ಒಪ್ಪಿಕೊಳ್ಳಲು ಈಗಲೂ ನಾಚಿಕೆ. ನಮ್ಮಿಬ್ಬರ ಹೆಸರು ಅಂದಿಗೂ ಧಾರವಾಡದ ಮತದಾರರ ಯಾದಿಯಲ್ಲಿಯೇ ಇತ್ತು. ಎಲ್ಲಿ ನಿತ್ಯದ ವಾಸವೋ ಅಲ್ಲಿಯೇ ಹೆಸರಿರಬೇಕೆಂಬುದು ಕಾಯಿದೆ. ಅದು ನಮಗೆ ತಿಳಿಯದ್ದಲ್ಲ; ಆದರೆ ಹೆಸರು ತೆಗೆಸಿದರೆ ತವರಿನ ಕೊನೆಯ ಎಳೆಯೂ ಕಡಿದುಹೋದೀತೆಂದು ಹಾಗೆಯೇ ಬಿಟ್ಟಿದ್ದೆವು. ಮತ ಹಾಕಲು ಧಾರವಾಡಕ್ಕೆ ಹೋದದ್ದು ನಾಲ್ವತ್ತು ವರ್ಷದಲ್ಲಿ ಎರಡೇ ಸಲ. ಅದರಲ್ಲಿ ಒಂದು ಸಲ ಮದುವೆಯ ನೆವ.

ಹುಡುಗಿ ಬೈಯಲಿಲ್ಲ. ಕಿಟಕಿಯಾಚೆ ನೋಡುತ್ತ, "ಅಮ್ಮಗ ಇಲ್ಲಿ ವೋಟಿಲ್ಲ. ಹದಿನೈದು ವರ್ಷ ಆದ್ರೂ ಇಲ್ಲ. ಆದ್ರೂ ಓಣಿ ಮೀಟಿಂಗಿಗೆ ಹೋಗ್ತಾಳ" ಎಂದಳು ಅಷ್ಟೆ.

ಅದು ನಿಜ. 1992ರ ಮಾಸ್ಟ್ರಿಕ್ಟ್ ಒಪ್ಪಂದದ ಮೇರೆಗೆ ಯುರೋಪಿನ ಒಕ್ಕೂಟದ ಪ್ರಜೆಗಳು ಬೇರೆ ದೇಶದಲ್ಲಿ ನೆಲೆಸಿದರೂ ಅಲ್ಲಿಯ ನಗರಸಭೆಗೆ ಮತ ಹಾಕಬಹುದು. ಸ್ಟ್ರಾಸ್‌ಬರ್ಗಿನಲ್ಲಿ ಮನೆ ಮಾಡಿದ ಪೋರ್ತುಗೀಸನಿಗೆ ಆ ಹಕ್ಕಿದೆ. ಭಾರತದ ಪಾಸ್‌ಪೋರ್ಟು ಇಟ್ಟುಕೊಂಡಿರುವ ನಮ್ಮ ಮಗಳಿಗೆ ಇಲ್ಲ. ಆ ಮಗಳು ಮಂಗಳವಾರ ಸಂಜೆ ಅಡಿಗೆ ಬೇಗ ಮುಗಿಸಿ, ಶಾಲೆಯ ಮುಂದೆ ಮೋಟಾರುಗಳ ವೇಗ ಕಡಿಮೆಯಾಗಬೇಕೆಂದು ಹೇಳಲು, ಒಡ್ಡುಮಾತಿನ ಫ್ರೆಂಚಿನಲ್ಲಿ ಓಣಿಯ ಸಭೆಗೆ ಹೋಗುವುದನ್ನು ನಾವೇ ಕಂಡಿದ್ದೆವು. ಇವಳಿಗೇಕೆ ಊರ ಉಸಾಬರಿ ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದೂ ಉಂಟು.

ಆಗಸ್ಟಿನಲ್ಲಿ ಪುಣೆಗೆ ಮರಳಿದೆವು. ಹೆಸರು ವರ್ಗಾಯಿಸುವ ಅರ್ಜಿ ತುಂಬುವಾಗ ಹಳೆಯ ವಿಳಾಸ ಬರೆಯುವಲ್ಲಿ ಕೈ ಸ್ವಲ್ಪ ನಿಂತಿತು. ಬಜೆಟ್ಟಿಗೆ ಸೂಚನೆ ಕೊಡುವ ಕಾಗದ ಕ್ಷೇತ್ರೀಯ ಕಾರ್ಯಾಲಯದಲ್ಲಿ ಸಿಕ್ಕಿತು. ಮೇಜಿನ ಹಿಂದಿದ್ದ ಹುಡುಗ ಬಹಳ ಸೌಜನ್ಯದಿಂದ ಪೆನ್ನು ಕೊಟ್ಟ. ಮರಾಠಿ ಮಾತಾಡಲು ನಮಗೆ ತೊಂದರೆಯಿಲ್ಲ, ಬರೆಯಲು ಇದೆ. ಹ್ರಸ್ವ ದೀರ್ಘ ತಪ್ಪದಂತೆ ನೆರೆಮನೆಯ ಮಾಮಿಯವರಿಂದ ತಿದ್ದಿಸಿಕೊಂಡೆವು. "ಇಷ್ಟು ದಿನ ಏಕೆ ಹೇಳಲಿಲ್ಲ? ನನಗೂ ಮೊಣಕಾಲು ನೋವೇ" ಎಂದು ಅವರೂ ರುಜು ಹಾಕಿದರು. ಅವರ ಓರಗಿತ್ತಿಯೂ ಹಾಕಿದರು. ಮನೆಯಿಂದ ಸಂತೆಯವರೆಗೆ ಎಲ್ಲಿ ಕೂಡಬೇಕೆನಿಸುತ್ತದೆಂದು ನಮ್ಮ ಮನೆಯವರು ನಡೆದು ತೋರಿಸಿದರು. ಇಲ್ಲಿ ಸೀಮೆಸುಣ್ಣ ಹಿಡಿದವರು ನಾವು.

ಅಕ್ಟೋಬರ್ 21ರ ವಿಧಾನಸಭೆಯ ಚುನಾವಣೆಯ ಹೊತ್ತಿಗೆ ಹೆಸರು ಯಾದಿಗೆ ಸೇರಿತ್ತು. ಬೆರಳಿನ ಶಾಯಿಯ ಚಿತ್ರವನ್ನು ಮೊಮ್ಮಗಳಿಗೆ ಕಳಿಸಿದೆವು. 2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಬೆಂಚಿನ ಮಾತು ಎಲ್ಲರಿಗೂ ಮರೆತುಹೋಯಿತು, ನಮಗೂ ಮರೆಯಿತು. 2022ರಲ್ಲಿ ಒಂದು ಬೆಳಿಗ್ಗೆ ನೋಡಿದರೆ, ನಾವು ಗುರುತು ಮಾಡಿದ ಮೂರು ಜಾಗಗಳಲ್ಲಿ ಒಂದರಲ್ಲಿ, ಬೇವಿನ ಮರದ ಕೆಳಗೆ, ಬೆಂಚು ಬಂದು ಕೂತಿತ್ತು. ನಮ್ಮ ಕಾಗದದಿಂದ ಬಂತೋ, ತಾನಾಗಿ ಬಂತೋ, ಹೇಳಲಾರೆವು.

ನಮ್ಮ ಮನೆಯವರು ಈಗ ವಾರಕ್ಕೆ ಎರಡು ಸಲ ಸಂತೆಗೆ ಬರುತ್ತಾರೆ. ಒಂದೇ ತೊಂದರೆ. ಸಂಜೆ ಆ ಬೆಂಚು ಖಾಲಿಯಿರುವುದೇ ಇಲ್ಲ. ಮೂವರು ಮರಾಠಿ ಅಜ್ಜಂದಿರು ಬಿಸಿಲಿಳಿಯುವ ಮೊದಲೇ ಬಂದು ಹಿಡಿದಿರುತ್ತಾರೆ. ಇವರನ್ನು ಕಂಡರೆ ಒಬ್ಬರು ಎದ್ದು ಜಾಗ ಕೊಡುತ್ತಾರೆ. ನಾವು ಚೀಲ ಹಿಡಿದು ನಿಂತಿರುತ್ತೇವೆ.