ಜೋಮು ಮತ್ತು ನರದ ಗುಳಿಗೆ

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರಿಗೈಲಿ ಯಾರೂ ಹೋಗುವುದಿಲ್ಲ. ಮೊದಲೆಲ್ಲ ಬಿಸ್ಕಿಟು, ಮೂಸಂಬಿ. ಈಗ ಗುಳಿಗೆ! ಅಂಕೋಲೆಯ ನನ್ನ ಅತ್ತೆಗೆ ಸ್ತನ ಕ್ಯಾನ್ಸರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಶುರುವಾಗಿತ್ತು. ವಾರಕ್ಕೊಂದರಂತೆ 12 ಸಲ, ಪ್ರತಿ ಸಲ ಅರಬೈಲ್ ಘಾಟಿ ಹತ್ತಿ ಹುಬ್ಬಳ್ಳಿಗೆ. ಕಾರವಾರದಿಂದ ನಾನು ಹೋಗುವಷ್ಟರಲ್ಲಿ ಅವಳ ಕಪಾಟಿನಲ್ಲಿ ನಾಲ್ಕು ನಮೂನೆಯ 'ನರದ ಗುಳಿಗೆ' ಸೇರಿಕೊಂಡಿದ್ದವು. ಹಾಳೆಗಳನ್ನು ತಿರುಗಿಸಿ ಸಣ್ಣ ಅಕ್ಷರ ಓದುತ್ತಾ ಕೂತೆ.

ಆರನೇ ಸಲದ ಹೊತ್ತಿಗೆ ಅವಳಿಗೆ ಜೋಮು ಹತ್ತಿತ್ತು. ಚಕ್ಕಳಮಕ್ಕಳ ಕೂತು ಎದ್ದಾಗ ಬರುವಂಥದ್ದಲ್ಲ, ಹೋಗದೇ ಇರುವಂಥದ್ದು. ಬಂಗಡೆ ಹಸನು ಮಾಡುವಾಗ ಬೆರಳು ಕುಯ್ದದ್ದು ರಕ್ತ ಕಂಡ ಮೇಲೇ ಗೊತ್ತಾಗೋದು. ಅಬ್ಬಲಿಗೆ ದಂಡೆ ಕಟ್ಟೋಣ ಅಂದರೆ ದಾರ ಕೈಗೆ ಸಿಕ್ಕಿದೆಯೋ ಇಲ್ಲವೋ ತಿಳಿಯದು. ಚಪ್ಪಲಿ ಜಾರಿ ಹೋದರೂ ನಡೀತಾನೇ ಇರ್ತಾಳೆ. "ಕಾಲು ನಂದೇ ಅಲ್ಲ ಅನ್ಸ್ತದೆ ತಮಾ" ಅಂದಳು.

ನರದ ಎಳೆಯೊಳಗೆ ಸಾಮಾನು ಸಾಗಿಸಲು ಅತಿ ಸಣ್ಣ ಕೊಳವೆಗಳಿವೆ. ಕ್ಯಾನ್ಸರ್ ಕೋಶ ಎರಡಾಗದಂತೆ ಈ ಔಷಧಿ ತಡೆಯುವುದು ಇಂಥವೇ ಕೊಳವೆಗಳನ್ನು ಬಿಗಿಹಿಡಿದು. ನರದ ಪಾಡೂ ಕೆಡುತ್ತದೆ. ಉದ್ದ ನರಗಳ ತುದಿ, ಅಂದರೆ ಪಾದ, ಬೆರಳುಗಳಿಗೇ ಮೊದಲ ಏಟು. ನಮ್ಮ ಅಂಗಳದ ನಿತ್ಯಪುಷ್ಪದಿಂದ ಸಿಕ್ಕ ವಿಂಕ್ರಿಸ್ಟೀನ್ ಕೂಡ ಇದೇ ಕೊಳವೆಗೆ ಕೈಹಾಕಿ ಇದೇ ಜೋಮು ತರುತ್ತದೆ. ವಿಟಮಿನ್ ಕಮ್ಮಿಯಾಗಿ ಬಂದ ಜೋಮಲ್ಲವಲ್ಲ ಇದು, ವಿಟಮಿನ್ ಸುರಿದರೆ ಹೋಗಲಿಕ್ಕೆ!

ನಾಲ್ಕರಲ್ಲೊಂದು ಗುಳಿಗೆಯಲ್ಲಿ ಅಸಿಟೈಲ್ ಎಲ್-ಕಾರ್ನಿಟಿನ್ ಅಂತಿತ್ತು. ವಿಟಮಿನ್ ಅಲ್ಲ, ಅದರ ಜೊತೆ ಸೇರಿಸಿ ಮಾರುವ ವಸ್ತು. ಇದೇ ಜಾತಿಯ ಕಿಮೋ ತೆಗೆದುಕೊಳ್ಳುತ್ತಿದ್ದ 409 ಹೆಂಗಸರ ಮೇಲೆ ಅಮೆರಿಕದಲ್ಲಿ ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. 24 ವಾರಗಳ ನಂತರ ನೋಡಿದರೆ, ಅದನ್ನು ನುಂಗಿದವರ ಜೋಮೇ ಹೆಚ್ಚು! ಬಿ6 ಕಥೆ ಇನ್ನೂ ಹಳೆಯದು. ದಿನಕ್ಕೆ ಎರಡು ಗ್ರಾಮೋ ಅದಕ್ಕೂ ಹೆಚ್ಚೋ ತಿಂದು ನರ ಹಾಳು ಮಾಡಿಕೊಂಡ ಏಳು ಮಂದಿಯ ಬಗ್ಗೆ 1983ರಲ್ಲೇ ವೈದ್ಯರು ಬರೆದಿದ್ದರು. ವಿಟಮಿನ್ ಇ ಕೂಡ ದೊಡ್ಡ ಪರೀಕ್ಷೆಯಲ್ಲಿ ಪ್ರಯೋಜನಕ್ಕೆ ಬರಲಿಲ್ಲ. ಬಿ12 ರಕ್ತದಲ್ಲಿ ನಿಜಕ್ಕೂ ಕಮ್ಮಿ ಇದ್ದರೆ ಮಾತು ಬೇರೆ, ಆಗ ಕೊಡಲೇಬೇಕು. 2020ರ ಅಮೆರಿಕದ ಕ್ಯಾನ್ಸರ್ ತಜ್ಞರ ಮಾರ್ಗಸೂಚಿಯೂ ಈ ಜೋಮು ತಡೆಯಲು ಇಂಥದ್ದು ಕೊಡಿ ಅಂತ ಯಾವುದನ್ನೂ ಹೇಳುವುದಿಲ್ಲ. ನೋವಿದ್ದರೆ ಡುಲೋಕ್ಸೆಟಿನ್ ಒಂದಕ್ಕೆ ಆಧಾರವಿದೆ, ಅದೂ ಡಾಕ್ಟರು ಬರೆದು ಕೊಡಬೇಕಾದದ್ದು.

ನನಗೆ ಸಿಟ್ಟು ಬಂದದ್ದು ಗುಳಿಗೆಯ ಮೇಲಲ್ಲ.

"ಡಾಕ್ಟರಿಗೆ ಹೇಳಿದ್ಯಾ ಅತ್ತೆ?"

"ಹೇಳಿದ್ರೆ ಔಷಧಿ ನಿಲ್ಸಿಬಿಟ್ರೆ? ನರದ ಗುಳಿಗೆ ತಿಂತಾ ಇದ್ನಲ್ಲ."

ಕಪಾಟಿನ ಭರವಸೆಯಲ್ಲಿ ಮೂರು ವಾರ ಬಾಯಿ ಮುಚ್ಚಿಕೊಂಡಿದ್ದಳು! ಮುಂದಿನ ಸಲ ನಾನೂ ಜೊತೆಗೆ ಹೋದೆ, ನಾಲ್ಕೂ ಹಾಳೆ ಚೀಲದಲ್ಲಿಟ್ಟುಕೊಂಡು. ಡಾಕ್ಟರು ಬೈಯಲಿಲ್ಲ. ಅವಳಿಂದ ಅಂಗಿಯ ಗುಂಡಿ ಹಾಕಿಸಿ, ಕಣ್ಣು ಮುಚ್ಚಿ ನಿಲ್ಲಿಸಿ ನೋಡಿದರು. ಪ್ಯಾಕ್ಲಿಟ್ಯಾಕ್ಸೆಲ್ ಪ್ರಮಾಣ ಇಳಿಸಿದರು, ಗುಳಿಗೆ ನಾಲ್ಕನ್ನೂ ನಿಲ್ಲಿಸಿದರು.

ಚಿಕಿತ್ಸೆ ಮುಗಿದು ವರ್ಷವಾಯಿತು. ಕೈ ಬೆರಳು ಮುಕ್ಕಾಲು ಪಾಲು ವಾಪಸ್ ಬಂದಿದೆ, ಪಾದ ಇನ್ನೂ ಇಲ್ಲ. ಸ್ನಾನದ ನೀರಿಗೆ ಮೊದಲು ಮೊಣಕೈ ಅದ್ದಿ ನೋಡುತ್ತಾಳೆ. ಚಪ್ಪಲಿಗೆ ಹಿಂದೊಂದು ಪಟ್ಟಿ ಹೊಲಿಸಿಕೊಂಡಿದ್ದಾಳೆ.