ಚಾಲಕರೊಡನೆ ಮಾತನಾಡಬೇಡಿ

ಬೆಂಗಳೂರಿನ ರಸ್ತೆಗಳಲ್ಲಿ ಕತ್ತು ವಾಲಿದವರದ್ದೇ ಒಂದು ಪ್ರತ್ಯೇಕ ತಳಿ ಇದೆ. ನೀವೂ ನೋಡಿರ್ತೀರಿ. ಬೈಕ್ ನೇರವಾಗಿ ಹೋಗ್ತಿರುತ್ತೆ, ತಲೆ ಮಾತ್ರ ಒಂದು ಪಕ್ಕಕ್ಕೆ ಮಾಲಿರುತ್ತೆ, ಕಿವಿಗೂ ಹೆಗಲಿಗೂ ಮಧ್ಯೆ ಒಂದು ಫೋನು. ಇವರಲ್ಲೇ ಸ್ವಲ್ಪ ಮುಂದುವರಿದವರು ಫೋನನ್ನ ಹೆಲ್ಮೆಟ್ಟಿನೊಳಗೆ ತುರುಕಿಕೊಂಡಿರ್ತಾರೆ. ಐಎಸ್‌ಐ ಮಾರ್ಕಿನ ಹೆಲ್ಮೆಟ್ ತಯಾರಾಗಿದ್ದೇ ಫೋನ್ ಹಿಡ್ಕೊಳ್ಳೋದಕ್ಕೆ, ತಲೆ ಉಳಿದರೆ ಅದು ಬೋನಸ್ಸು ಅನ್ನೋ ಹಾಗೆ. ಸಿಗ್ನಲ್ಲಿನಲ್ಲಿ ಪಕ್ಕ ನಿಂತಾಗ ಅವರ ಮನೆ ಸಮಾಚಾರವೆಲ್ಲ ನಮಗೆ ಉಚಿತ. ಒಬ್ಬರು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತು ಮಗಳ ಮದುವೆಯ ಛತ್ರದ ಬಾಡಿಗೆಯನ್ನ ನಾಲ್ಕು ಸಾವಿರ ಇಳಿಸಿದ್ದನ್ನ ನಾನೇ ಕೇಳಿಸ್ಕೊಂಡಿದ್ದೀನಿ.

ಆಫೀಸಿನ ಕ್ಯಾಂಟೀನಿನಲ್ಲಿ ತಿಂಗಳಿಗೊಮ್ಮೆಯಾದರೂ ಈ ವಿಷಯ ಬರುತ್ತೆ. ಯಾರೋ ಬೆಳಗ್ಗೆ ಇಂಥವರೊಬ್ಬರಿಗೆ ಗುದ್ದೋದರಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಬಂದಿರ್ತಾರೆ. ಟೀ ಕಪ್ ಕೆಳಗಿಡುವ ಮೊದಲೇ ತೀರ್ಪು ಹೊರಬೀಳುತ್ತೆ: ‘ಸರ್ಕಾರ ಇದನ್ನ ಬ್ಯಾನ್ ಮಾಡ್ಬೇಕು ಮಗಾ.’

ಮಾಡಿದೆ ಕಣ್ರೋ. ಮಾಡಿ ವರ್ಷಗಳಾದವು.

1988ರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆಯ ಬಗ್ಗೆ ಇರೋದು. 2019ರ ತಿದ್ದುಪಡಿಯಲ್ಲಿ ಸಿಗ್ನಲ್ ಹಾರೋದರ ಜೊತೆಗೆ, ಕೈಯಲ್ಲಿ ಹಿಡಿಯುವ ಸಂವಹನ ಸಾಧನ ಬಳಸೋದನ್ನೂ ಅದರಲ್ಲಿ ಹೆಸರಿಟ್ಟು ಸೇರಿಸಿದರು. ಮೊದಲ ಸಲ ಸಿಕ್ಕಿಬಿದ್ದರೆ 1,000ದಿಂದ 5,000 ರೂಪಾಯಿ ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷ ಜೈಲು, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿದರೆ ಎರಡು ವರ್ಷದವರೆಗೂ ಜೈಲು, 10,000 ರೂಪಾಯಿ ದಂಡ. ಆ ವರ್ಷ ಸೆಪ್ಟೆಂಬರ್ 1ಕ್ಕೆ ಕಾನೂನು ಜಾರಿಗೆ ಬಂತು. ಜನ ಗಲಾಟೆ ಮಾಡಿದ್ದಕ್ಕೆ ಅದೇ ತಿಂಗಳಲ್ಲೇ ನಮ್ಮ ರಾಜ್ಯ ಹಲವು ದಂಡಗಳನ್ನ ಇಳಿಸಿತು. ಆಮೇಲೆ 2023ರ ಫೆಬ್ರವರಿಯಲ್ಲಿ ಬಾಕಿ ಇದ್ದ ಟ್ರಾಫಿಕ್ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟರು. ದೀಪಾವಳಿ ಸೇಲಿಗೂ ಜನ ಹಾಗೆ ಮುಗಿಬೀಳಲ್ಲ. ಕೆಲವೇ ದಿನದಲ್ಲಿ ನೂರು ಕೋಟಿ ದಾಟಿ ದುಡ್ಡು ಬಂತು. ಖಜಾನೆಗೆ ಒಳ್ಳೇದೇ ಆಯ್ತು. ಆದರೆ ದಂಡಕ್ಕೂ ಡಿಸ್ಕೌಂಟ್ ಬರುತ್ತೆ, ಸ್ವಲ್ಪ ಕಾದರೆ ಸಾಕು ಅಂತ ಊರಿಗೆಲ್ಲ ಗೊತ್ತಾಯ್ತು.

ಹಾಗಾಗಿ ಬ್ಯಾನ್ ಬೇಕಾ ಬೇಡವಾ ಅನ್ನೋ ಚರ್ಚೆಯಲ್ಲಿ ನನಗೆ ಆಸಕ್ತಿ ಕಮ್ಮಿ. ಬೇಕು, ಅಷ್ಟೇ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹೆಚ್ಚುಕಮ್ಮಿ 17 ಮೀಟರ್ ಹೋಗುತ್ತೆ. ಮೂರು ಸೆಕೆಂಡ್ ಮೆಸೇಜ್ ನೋಡಿದರೆ 50 ಮೀಟರ್ ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗೆ. ಯಾರ ಸ್ವಾತಂತ್ರ್ಯದ ಹೆಸರಿನಲ್ಲೂ ಇದನ್ನ ಸಮರ್ಥಿಸಿಕೊಳ್ಳೋಕಾಗಲ್ಲ. ನನ್ನ ತಲೆ ತಿನ್ನೋದು ಬೇರೆ ಪ್ರಶ್ನೆ: ಬ್ಯಾನ್ ಮಾಡಿದ್ದು ಏನನ್ನ, ಮತ್ತೆ ಯಾರನ್ನ?

ಮೊದಲು ‘ಏನನ್ನ’ ನೋಡೋಣ. ಕಾನೂನು ಹಿಡಿದಿರೋದು ಕೈಯನ್ನ. ಫೋನ್ ಕೈಯಲ್ಲಿದ್ದರೆ ತಪ್ಪು. ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡು ಹೊಸಕೋಟೆಯಿಂದ ಕೆಂಗೇರಿವರೆಗೂ ಜಗಳ ಆಡ್ತಾ ಹೋದರೆ ಯಾರೂ ಕೇಳಲ್ಲ. ಆದರೆ ಇದರ ಬಗ್ಗೆ ಆಗಿರೋ ಸಂಶೋಧನೆ ಹೇಳೋದೇ ಬೇರೆ. 1997ರಲ್ಲಿ ಕೆನಡಾದ ರೆಡೆಲ್ಮೈರ್ ಮತ್ತು ಟಿಬ್ಶಿರಾನಿ ಅನ್ನೋ ಇಬ್ಬರು, ಅಪಘಾತ ಮಾಡಿಕೊಂಡಿದ್ದ 699 ಜನರ ಫೋನ್ ಬಿಲ್ಲುಗಳನ್ನ ತೆಗೆದು ಕೂತರು. ಫೋನಿನಲ್ಲಿದ್ದಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಅಂತ ಸಿಕ್ತು. ಕೈಯಲ್ಲಿ ಹಿಡಿಯದೆ ಮಾತಾಡೋ ಫೋನಿನಿಂದ ಹೆಚ್ಚಿನ ಸುರಕ್ಷತೆ ಏನೂ ಕಾಣಲಿಲ್ಲ. 2006ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಇನ್ನೂ ಮುಂದೆ ಹೋದರು. ಕುಡಿದವರನ್ನ ಮತ್ತು ಫೋನಿನಲ್ಲಿ ಮಾತಾಡೋರನ್ನ ಸಿಮ್ಯುಲೇಟರಿನಲ್ಲಿ ಕೂರಿಸಿ ಗಾಡಿ ಓಡಿಸಿ ನೋಡಿದರು. ಫೋನಿನವರು ಬ್ರೇಕ್ ಹಾಕೋದು ತಡ ಆಯ್ತು. ಗುದ್ದಿದ್ದೂ ಅವರೇ ಜಾಸ್ತಿ. ಅಲ್ಲೂ ಅಷ್ಟೇ, ಫೋನ್ ಕೈಯಲ್ಲಿದ್ದರೂ ಇಲ್ಲದಿದ್ದರೂ ವ್ಯತ್ಯಾಸ ಬರಲಿಲ್ಲ.

‘ಹಾಗಾದ್ರೆ ಪಕ್ಕದಲ್ಲಿ ಕೂತೋರ ಜೊತೆ ಮಾತಾಡೋದೂ ತಪ್ಪಾ?’ ಅಂತ ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಒಳ್ಳೇ ಪ್ರಶ್ನೆ. ಇದಕ್ಕೆ ಉತ್ತರ ನನಗೆ ಯೂಟಾದವರಿಗಿಂತ ಮುಂಚೆ ನಮ್ಮೂರ ಬಸ್ಸಿನಲ್ಲಿ ಸಿಕ್ಕಿತ್ತು.

ನಮ್ಮೂರಿರೋದು ಚನ್ನರಾಯಪಟ್ಟಣದ ಹತ್ತಿರ. ಹೈಸ್ಕೂಲಿಗೆ ಹೋಗ್ತಿದ್ದ ಬಸ್ಸಿನಲ್ಲಿ ಡ್ರೈವರ್ ತಲೆ ಮೇಲೆ ‘ಚಾಲಕರೊಡನೆ ಮಾತನಾಡಬೇಡಿ’ ಅಂತ ಬರೆದಿರೋದು. ಅದರ ಕೆಳಗೇ, ಇಂಜಿನ್ ಬಾನೆಟ್ ಮೇಲೆ ಟವೆಲ್ ಹಾಸಿಕೊಂಡು ನಾಲ್ಕು ಜನ ಯಜಮಾನರು ಕೂತು ಡ್ರೈವರ್ ಜೊತೆ ತೆಂಗಿನಕಾಯಿ ರೇಟಿಂದ ಹಿಡಿದು ದೇವೇಗೌಡರವರೆಗೂ ಮಾತಾಡ್ತಿದ್ದರು. ಬೋರ್ಡು ಓದೋಕೆ ಬರೋ ನಮಗೆ ಅದೊಂದು ತಮಾಷೆ. ಆದರೆ ಕೆರೆ ಏರಿ ತಿರುವು ಬಂತು ಅಂದರೆ ಅಷ್ಟೂ ಜನ ಗಪ್‌ಚುಪ್. ಯಾರೂ ಸುಮ್ಮನಿರಿ ಅಂತ ಹೇಳ್ತಿರಲಿಲ್ಲ. ಒಂದು ಕಡೆ ಕೆರೆ, ಇನ್ನೊಂದು ಕಡೆ ತಗ್ಗಿನಲ್ಲಿ ಗದ್ದೆ, ಎದುರಿಗೆ ಕಬ್ಬಿನ ಲಾರಿ. ಬಸ್ಸು ಏರಿ ಇಳಿದ ಮೇಲೆ ನಿಂತ ಮಾತು ನಿಂತಲ್ಲಿಂದಲೇ ಮತ್ತೆ ಶುರು. ಕೆಲವೊಮ್ಮೆ ಅವರಲ್ಲೇ ಒಬ್ಬರು ‘ಎಮ್ಮೆ ಬಂತು ನೋಡಪ್ಪೋ’ ಅಂತ ಕೂಗೋರು. ಮಾತಾಡ್ತಿದ್ದವರಿಗೂ ರಸ್ತೆ ಕಾಣ್ತಿತ್ತು. ಅದೇ ಬಸ್ಸಿನಲ್ಲಿ ಅವರ ಪ್ರಾಣವೂ ಇತ್ತು.

ಫೋನಿನ ಆ ಕಡೆ ಇರುವವರಿಗೆ ರಸ್ತೆ ಕಾಣಲ್ಲ. ನಿಮ್ಮ ಮುಂದೆ ನೀರಿನ ಟ್ಯಾಂಕರ್ ರಿವರ್ಸ್ ಬರ್ತಿದ್ದರೂ ಅವರು ‘ಆ ಪಿಪಿಟಿ ಕಳಿಸಿದ್ರಾ?’ ಅಂತಲೇ ಕೇಳ್ತಾರೆ. ಅವರ ತಪ್ಪಲ್ಲ. 2008ರಲ್ಲಿ ಅದೇ ಯೂಟಾದವರು ಇದನ್ನೂ ಪ್ರಯೋಗ ಮಾಡಿ ಬರೆದರು: ಪಕ್ಕದಲ್ಲಿ ಕೂತವರು ಟ್ರಾಫಿಕ್ ನೋಡಿಕೊಂಡು ಮಾತನ್ನ ಹೊಂದಿಸಿಕೊಳ್ತಾರೆ, ಫೋನಿನಲ್ಲಿರುವವರಿಗೆ ಅದು ಸಾಧ್ಯ ಇಲ್ಲ ಅಂತ. ನಮ್ಮ ಬಾನೆಟ್ ಯಜಮಾನರನ್ನ ಕೇಳಿದ್ದರೆ ಖರ್ಚು ಉಳಿತಿತ್ತು.

ಇನ್ನು ಅಂಕಿಅಂಶ. ಕೇಂದ್ರ ಸರ್ಕಾರದ ವರದಿ ಪ್ರಕಾರ 2021ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,53,972 ಜನ. ಇದರಲ್ಲಿ ಮೊಬೈಲ್ ಬಳಕೆಯಿಂದ ಅಂತ ದಾಖಲಾಗಿರೋದು 1,040. ನೂರಕ್ಕೆ ಒಂದೂ ಇಲ್ಲ! ಇದನ್ನ ತೋರಿಸಿ ‘ನೋಡಿ, ಫೋನ್ ದೊಡ್ಡ ಸಮಸ್ಯೆನೇ ಅಲ್ಲ’ ಅನ್ನಬಹುದು. ನಾನು ಡೇಟಾ ನೋಡೋ ಕೆಲಸದವನು. ಡೇಟಾಬೇಸಿನ ಒಂದು ಕಾಲಂ ಇಷ್ಟು ಖಾಲಿ ಕಂಡರೆ ಮೊದಲು ಕೇಳೋದು, ಇದನ್ನ ತುಂಬಿಸಿದವರು ಯಾರು, ಯಾವಾಗ ಅಂತ. ಅಪಘಾತ ಆದ ಮೇಲೆ ಪೊಲೀಸರು ಬರ್ತಾರೆ. ಗಾಡಿ ಜಖಂ ಆಗಿರೋದು ಕಾಣುತ್ತೆ, ವೇಗ ಇತ್ತು ಅಂತ ನಿಂತವರು ಹೇಳ್ತಾರೆ. ಗುದ್ದೋ ಎರಡು ಸೆಕೆಂಡ್ ಮುಂಚೆ ಕಣ್ಣು ಎಲ್ಲಿತ್ತು ಅಂತ ಯಾರು ಹೇಳಬೇಕು? ಓಡಿಸ್ತಿದ್ದವನು ಬದುಕಿದ್ದರೆ ಹೇಳಲ್ಲ, ಸತ್ತಿದ್ದರೆ ಹೇಳೋಕಾಗಲ್ಲ. ಬಿದ್ದ ಜಾಗದಲ್ಲಿ ಫೋನ್ ಸಿಕ್ಕಿದರೂ ಅದನ್ನ ಎತ್ತಿ ಮನೆಯವರಿಗೆ ಸುದ್ದಿ ಮುಟ್ಟಿಸೋದೇ ಮೊದಲ ಕೆಲಸ.

ಈಗ ‘ಯಾರನ್ನ’ ಅನ್ನೋದಕ್ಕೆ ಬರ್ತೀನಿ.

ನಮ್ಮ ಚಿಕ್ಕಪ್ಪನ ಮಗ ಪಿಯುಸಿ ಮುಗಿಸಿ ಬೆಂಗಳೂರಿಗೆ ಬಂದು ಡೆಲಿವರಿ ಕೆಲಸಕ್ಕೆ ಸೇರಿದಾನೆ. ಲಗ್ಗೆರೆಯಲ್ಲಿ ಒಂದು ರೂಮು, ಮೂರು ಜನ. ಹೋದ ವರ್ಷ ಊರಿಂದ ಬಂದವನು ರಾತ್ರಿ ಯಶವಂತಪುರದಲ್ಲಿ ಇಳಿದಾಗ ಅವನೇ ಕರೆದುಕೊಂಡು ಹೋಗೋಕೆ ಬಂದಿದ್ದ. ಲಾಗಿನ್ ಆಗೇ ಇದ್ದ, ದಾರೀಲಿ ಒಂದು ಆರ್ಡರ್ ಸಿಕ್ಕರೆ ಮುಗಿಸಿಕೊಂಡೇ ಹೋಗೋಣ ಅಂತ. ಹ್ಯಾಂಡಲ್ ಮೇಲೆ ಸ್ಟ್ಯಾಂಡು, ಸ್ಟ್ಯಾಂಡಿನಲ್ಲಿ ಫೋನು. ಮ್ಯಾಪ್ ನೋಡೋಕೆ ಕಾನೂನು ಒಪ್ಪುತ್ತೆ. ಗಮನ ಕೆಡದ ಹಾಗೆ ದಾರಿ ನೋಡೋದಕ್ಕೆ ಮಾತ್ರ ಬಳಸಬಹುದು ಅಂತ 2020ರ ಅಕ್ಟೋಬರಿನಿಂದ ನಿಯಮ ಇದೆ. ಆದರೆ ಆ ಮ್ಯಾಪಿನ ಮೇಲೆಯೇ ಆರ್ಡರ್ ಬಂದು ಕೂರುತ್ತೆ. ಕೆಂಪು ಬಣ್ಣದ ಒಂದು ವೃತ್ತ ಕರಗ್ತಾ ಹೋಗುತ್ತೆ, ಜೊತೆಗೆ ಬೀಪ್ ಬೀಪ್ ಅಂತ ಸದ್ದು. ಅದು ಪೂರ್ತಿ ಕರಗೋದರೊಳಗೆ ಬೆರಳು ಒತ್ತಬೇಕು. ಲಗ್ಗೆರೆ ತಲುಪೋದರಲ್ಲಿ ಆರು ಸಲ ಬಂತು. ಆರೂ ಸಲ ನಾನು ಹಿಂದೆ ಕೂತು ಅವನ ಬದಲು ರಸ್ತೆ ನೋಡಿದೆ.

‘ಕಣ್ಣು ಎಲ್ಲೋ ಹೋಗ್ತಿದೆಯಲ್ಲೋ’ ಅಂದೆ.

‘ಏನ್ ಮಾಡ್ಲಣ್ಣ? ಒತ್ಲಿಲ್ಲ ಅಂದ್ರೆ ಇನ್ನೊಬ್ಬುನ್ಗೆ ಹೊಂಟೋಯ್ತದೆ. ಹಂಗೇ ಬಿಡ್ತಾ ಹೋದ್ರೆ ನಮ್ ಐಡೀಗೆ ಆರ್ಡರ್ ಬರೋದೇ ಕಮ್ಮಿ ಆಯ್ತದೆ.’

‘ಪೊಲೀಸರು ಹಿಡಿದರೆ?’

‘ಹಿಡುದ್ರೆ ನಾನೇ ಕಟ್ಬೇಕು. ಕಂಪ್ನಿಯೋರು ಕಟ್ತಾರಾ?’

ಇಲ್ಲಿಗೆ ನನ್ನ ಕ್ಯಾಂಟೀನ್ ಗೆಳೆಯರ ಬ್ಯಾನ್ ಮುಗೀತು. ದಂಡ ಅವನದು, ಬಿದ್ದರೆ ಕಾಲು ಅವನದು, ವೃತ್ತ ಕರಗಿಸಿದವರ ಹೆಸರು ಯಾವ ಚಲನ್ನಿನಲ್ಲೂ ಇರಲ್ಲ. ಮತ್ತೆ, ತಡವಾಯ್ತು ಅಂತ ಒಂದು ಸ್ಟಾರ್ ಕಮ್ಮಿ ಕೊಡೋರು ಯಾರು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ತಾಂತ್ರಿಕವಾಗಿ ಇದು ಕಷ್ಟದ ಸಮಸ್ಯೆ ಅಂತ ಹೇಳೋರಿದಾರೆ. ಅರ್ಧ ನಿಜ. ಫೋನಿಗೆ ತಾನು ಎಷ್ಟು ವೇಗದಲ್ಲಿ ಹೋಗ್ತಿದೀನಿ ಅಂತ ಜಿಪಿಎಸ್ಸಿನಿಂದ ಗೊತ್ತಾಗುತ್ತೆ. ಗಾಡಿ ಓಡಿಸುವಾಗ ನೋಟಿಫಿಕೇಶನ್ ತಡೆಯೋ ಸೌಲಭ್ಯ 2017ರಲ್ಲೇ ಐಫೋನಿಗೆ ಬಂತು, ಬೇಕಾದವರು ಆನ್ ಮಾಡ್ಕೊಬಹುದು. ಆದರೆ ಫೋನಿಗೆ ಗೊತ್ತಾಗದೇ ಇರೋದು ಒಂದೇ: ತಾನು ಓಡಿಸೋನ ಕೈಲಿದೀನೋ, ಹಿಂದೆ ಕೂತೋನ ಕೈಲೋ ಅಂತ. ಬಿಎಂಟಿಸಿ ಬಸ್ಸಿನಲ್ಲಿ ಕೂತು ರೀಲ್ಸ್ ನೋಡ್ತಿರೋ ಐವತ್ತು ಜನರನ್ನೂ ಡ್ರೈವರ್ ಅಂದುಕೊಂಡರೆ ಕಷ್ಟ. ಹಾಗಾಗಿ ಎಲ್ಲರ ಫೋನಿಗೂ ಕಡ್ಡಾಯ ಮಾಡೋದು ಸುಲಭ ಅಲ್ಲ, ಒಪ್ಪಿದೆ.

ಆದರೆ ಡೆಲಿವರಿ ಆ್ಯಪಿಗೆ ಆ ಗೊಂದಲವೇ ಇಲ್ಲವಲ್ಲ! ಆ ಐಡಿಯಲ್ಲಿ ಲಾಗಿನ್ ಆದವನು ಓಡಿಸೋನೇ. ಅವನು ಎಲ್ಲಿದಾನೆ, ಎಷ್ಟು ವೇಗದಲ್ಲಿದಾನೆ ಅಂತ ಗಿರಾಕಿಗೆ ಮ್ಯಾಪಿನಲ್ಲಿ ಪುಟ್ಟ ಬೈಕಿನ ಚಿತ್ರ ಬಿಡಿಸಿ ತೋರಿಸೋ ಆ್ಯಪಿಗೆ, ಗಾಡಿ ನಿಂತ ಮೇಲೆ ಆರ್ಡರ್ ತೋರಿಸೋದು ಗೊತ್ತಿಲ್ಲ ಅಂದರೆ ನಾನು ನಂಬಲ್ಲ. ವೇಗ ಗಂಟೆಗೆ ಐದು ಕಿಲೋಮೀಟರಿಗಿಂತ ಜಾಸ್ತಿ ಇದ್ದರೆ ತಡೆ, ನಿಂತ ಮೇಲೆ ತೋರಿಸು, ಅಲ್ಲೀವರೆಗೂ ವೃತ್ತ ಕರಗಿಸಬೇಡ. ನಮ್ಮ ಟೀಮಿನ ಹೊಸ ಹುಡುಗಿಗೆ ಹೇಳಿದರೂ ಇದರ ಮೊದಲ ಕರಡನ್ನ ಒಂದು ವಾರದಲ್ಲಿ ಬರೆದುಕೊಡ್ತಾಳೆ.

ಸರ್ಕಾರ ಮಾಡಬೇಕಾದ ಬ್ಯಾನ್ ಇದು. ದಾರಿಯೂ ಇದೆ. ಟ್ಯಾಕ್ಸಿ ಆ್ಯಪುಗಳು ಅದೇ ಕಾಯ್ದೆಯ 93ನೇ ಸೆಕ್ಷನ್ ಕೆಳಗೆ ರಾಜ್ಯ ಸರ್ಕಾರದಿಂದ ಲೈಸೆನ್ಸ್ ತಗೋಬೇಕು; ಓಡೋ ಗಾಡಿಗೆ ಆರ್ಡರ್ ತೋರಿಸಕೂಡದು ಅಂತ ಆ ಲೈಸೆನ್ಸಿನ ಷರತ್ತಿಗೆ ಒಂದು ಸಾಲು ಸೇರಿಸಿದರಾಯ್ತು. ಊಟ, ದಿನಸಿ ಹೊರೋ ಆ್ಯಪುಗಳು ಆ ಸೆಕ್ಷನ್ನಿನ ವ್ಯಾಖ್ಯೆಯೊಳಗೆ ಬರಲ್ಲ, ಅಲ್ಲಿ ಹೇಳಿರೋದು ಪ್ರಯಾಣಿಕರನ್ನ ಒಯ್ಯೋರ ಬಗ್ಗೆ ಮಾತ್ರ. ಅವಕ್ಕೆ ಬೇರೆ ಕಾನೂನೇ ಬೇಕು. ಎಲ್ಲರಿಗೂ ಒಂದೇ ನಿಯಮ ಆದರೆ ‘ನಾವು ಮಾತ್ರ ನಿಧಾನ ಆದ್ರೆ ಪಕ್ಕದ ಕಂಪನಿ ಮುಂದೆ ಹೋಗುತ್ತೆ’ ಅನ್ನೋ ನೆಪವೂ ಇರಲ್ಲ.

ಕರೆ ಮಾಡೋರ ವಿಷಯಕ್ಕೆ ಮಾತ್ರ ಯಾವ ಸರ್ಕಾರವೂ ಬರಲಾರದು. ನಮ್ಮಮ್ಮ ಫೋನ್ ಮಾಡಿದಾಗ ಎತ್ತಲಿಲ್ಲ ಅಂದರೆ ಮೂರನೇ ರಿಂಗಿಗೆ ಅವರ ಮನಸ್ಸಿನಲ್ಲಿ ನನಗೆ ಆಕ್ಸಿಡೆಂಟ್ ಆಗಿರುತ್ತೆ. ಆಮೇಲೆ ನನ್ನ ಹೆಂಡತಿಗೆ, ಅವಳೂ ಸಿಗಲಿಲ್ಲ ಅಂದರೆ ನಮ್ಮ ಮನೆ ಓನರಿಗೆ. ಊರಿನಲ್ಲಿ ಫೋನ್ ಎತ್ತದೇ ಇರೋದಕ್ಕೆ ಎರಡೇ ಅರ್ಥ, ಒಂದು ಕೊಬ್ಬು, ಇನ್ನೊಂದು ಸಾವು. ಈಗ ನಮ್ಮಿಬ್ಬರಲ್ಲಿ ಒಂದು ಒಪ್ಪಂದ ಇದೆ. ಕಾರ್ ಸ್ಟಾರ್ಟ್ ಮಾಡೋ ಮುಂಚೆ ‘ಅಮ್ಮಾ, ಇನ್ನು ಮೂರು ಗಂಟೆ ನಾನು ಸಿಗಲ್ಲ’ ಅಂತೀನಿ. ‘ಆಯ್ತು, ನೋಡ್ಕಂಡ್ ಬಾ’ ಅಂತ ಅವರೇ ಇಡ್ತಾರೆ. ಈ ಮೂರು ಗಂಟೆ ಅವರು ಸೀರಿಯಲ್ ನೋಡ್ತಾ ಹಾಯಾಗಿರ್ತಾರೆ ಅಂತ ಅಪ್ಪ ಹೇಳಿದರು.

ಆಫೀಸಿನಲ್ಲಿ ಇಷ್ಟು ಸುಲಭ ಆಗಲಿಲ್ಲ. ನಮ್ಮ ಟೀಮ್ ನೋಡಿಕೊಳ್ಳೋದು ಬೇರೆ ಬೇರೆ ಕಂಪನಿಗಳ ಫೀಲ್ಡ್ ಸಿಬ್ಬಂದಿ ಬಳಸೋ ಒಂದು ಆ್ಯಪನ್ನ. ರಿಪೇರಿಯವರು, ಬಿಲ್ ವಸೂಲಿಯವರು, ಎಲ್ಲ ಬೈಕಿನ ಮೇಲೆ ಓಡಾಡೋರೇ. ಲಗ್ಗೆರೆಯಿಂದ ಬಂದ ವಾರವೇ ಪ್ಲಾನಿಂಗ್ ಮೀಟಿಂಗಿನಲ್ಲಿ ಈ ವೇಗದ ತಡೆಯ ಪ್ರಸ್ತಾಪ ಇಟ್ಟೆ, ಡೆಮೋನೂ ತೋರಿಸಿದೆ. ಎಲ್ಲರೂ ‘ವೆರಿ ನೈಸ್’ ಅಂದರು. ಪ್ರಾಡಕ್ಟ್ ಮ್ಯಾನೇಜರ್ ಮಾತ್ರ ಪೆನ್ನು ತಿರುಗಿಸ್ತಾ, ‘ಆದ್ರೆ ರೆಸ್ಪಾನ್ಸ್ ಟೈಮ್ ಜಾಸ್ತಿ ಆಗುತ್ತೆ, ಕ್ಲೈಂಟಿಗೆ ಏನು ಹೇಳೋದು?’ ಅಂದರು. ಪಾಪ, ಕೆಟ್ಟವರಲ್ಲ. ಅವರ ಅಪ್ರೈಸಲ್ ನಿಂತಿರೋದೇ ಆ ನಂಬರಿನ ಮೇಲೆ. ಕಾನೂನಿನಲ್ಲಿ ಇದ್ದಿದ್ದರೆ ಅವರು ಆ ಪ್ರಶ್ನೆ ಕೇಳ್ತಾನೇ ಇರಲಿಲ್ಲ. ಕಂಪ್ಲಯನ್ಸ್ ಅಂತ ಹೆಸರಿಟ್ಟು ಎರಡು ಸ್ಪ್ರಿಂಟಿನಲ್ಲಿ ಮುಗಿಸಿ ಕೈ ತೊಳ್ಕೊತಿದ್ದರು.

ಆ ಟಿಕೆಟ್ ಈಗಲೂ ಬ್ಯಾಕ್‌ಲಾಗಿನಲ್ಲಿದೆ. ಪ್ರಯಾರಿಟಿ ‘ಲೋ’. ಪ್ರತಿ ತಿಂಗಳೂ ಒಂದು ಕಾಮೆಂಟ್ ಹಾಕಿ ಮೇಲಕ್ಕೆ ತರ್ತೀನಿ. ಮೊನ್ನೆ ತಮ್ಮನಿಗೂ ಹೇಳಿದೆ. ‘ನಿಮ್ಮದಾದ್ರೂ ಆಗ್ಲಿ ಬಿಡಣ್ಣ, ಆಮೇಲೆ ನಮ್ದೂ ಆಯ್ತದೆ’ ಅಂದ. ಅಷ್ಟರಲ್ಲಿ ಬೀಪ್ ಸದ್ದು ಕೇಳಿಸ್ತು. ‘ಗಾಡೀಲಿದೀಯೇನೋ?’ ಅಂದೆ. ಅವನು ಏನೋ ಹೇಳೋಕೆ ಹೋದ, ನಾನೇ ಫೋನ್ ಇಟ್ಟೆ.