ಪರರ ಕಣ್ಣಿನಲ್ಲಿ ನಾವು

‘ತಾವು ಯಾರು?’ ಎಂದು ಯಾರಾದರೂ ಕೇಳಿದರೆ ಏನೆಂದು ಉತ್ತರ ಕೊಡುವಿರಿ? ಹೆಸರನ್ನು ಹೇಳುವಿರಿ, ಊರನ್ನು, ಮನೆತನವನ್ನು, ಉದ್ಯೋಗವನ್ನು ಹೇಳುವಿರಿ. ವಿಚಾರಿಸಿ ನೋಡಿದರೆ ಇವುಗಳಲ್ಲಿ ಒಂದಾದರೂ ಒಂಟಿಯಾಗಿ ನಿಲ್ಲುವಂಥದಲ್ಲ. ಹೆಸರನ್ನು ಹಿರಿಯರು ಇಟ್ಟರು. ‘ಮೇಷ್ಟ್ರು’ ಎಂಬುದನ್ನು ಮಕ್ಕಳು ಕೂಗಿ ಕೂಗಿ ನನ್ನ ಮೈಗೆ ಅಂಟಿಸಿದರು. ಹಾಗಾದರೆ ‘ನಾನು’ ಎಂಬುದು ನನ್ನೊಳಗೆ ಹುಟ್ಟಿತೋ, ನಾಲ್ವರ ನಡುವೆ ಹುಟ್ಟಿತೋ? ಸಮಾಜಶಾಸ್ತ್ರವನ್ನು ಬೋಧಿಸುತ್ತ ಆಯುಷ್ಯದ ಬಹುಭಾಗವನ್ನು ಕಳೆದ ನನ್ನನ್ನು ಈ ಪ್ರಶ್ನೆಯು ಇಂದಿಗೂ ಬಿಟ್ಟಿಲ್ಲ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿದ್ದ ಚಾರ್ಲ್ಸ್ ಕೂಲಿ ಎಂಬ ಪಂಡಿತನು 1902ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಮಾಜವು ನಮಗೆ ಕನ್ನಡಿಯಾಗಿದೆಯೆಂದು ವಿವರಿಸಿದನು. ಪರರ ಕಣ್ಣಿಗೆ ನಾವು ಹೇಗೆ ಕಾಣುತ್ತೇವೆಂದು ಊಹಿಸುತ್ತೇವೆ. ಅವರು ನಮ್ಮನ್ನು ಹೇಗೆ ತೂಗಿದರೆಂದು ಊಹಿಸುತ್ತೇವೆ. ಅದರಂತೆ ಹಿಗ್ಗುತ್ತೇವೆ, ಇಲ್ಲವೆ ಕುಗ್ಗುತ್ತೇವೆ. ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ 1894ರಿಂದ 1931ರವರೆಗೆ ಬೋಧಿಸಿದ ಜಾರ್ಜ್ ಹರ್ಬರ್ಟ್ ಮೀಡ್ ಈ ವಿಚಾರವನ್ನು ಇನ್ನೂ ಆಳಕ್ಕೆ ಒಯ್ದನು. ಮಗುವು ಮೊದಲು ತಾಯಿಯಂತೆ, ಅಂಗಡಿಕಾರನಂತೆ ನಟಿಸಿ ಆಡುತ್ತದೆ. ಬೆಳೆದಂತೆ ನಿಯಮವುಳ್ಳ ಆಟಕ್ಕೆ ಇಳಿದು, ತಂಡದ ಎಲ್ಲರ ದೃಷ್ಟಿಯನ್ನೂ ಏಕಕಾಲಕ್ಕೆ ಮನದಲ್ಲಿರಿಸಿಕೊಳ್ಳಲು ಕಲಿಯುತ್ತದೆ. ಹೀಗೆ ಊರಿನ ಕಣ್ಣು ನಮ್ಮೊಳಗೇ ಬಂದು ನೆಲೆಸುತ್ತದೆ. ಮೀಡ್ ತನ್ನ ಜೀವಿತಕಾಲದಲ್ಲಿ ಈ ವಿಚಾರಗಳನ್ನು ಪುಸ್ತಕವಾಗಿಸಲಿಲ್ಲ. ಆತ ತೀರಿಕೊಂಡ ಮೂರು ವರ್ಷಗಳ ಮೇಲೆ, 1934ರಲ್ಲಿ, ತರಗತಿಯ ಟಿಪ್ಪಣಿಗಳಿಂದ ಆ ಗ್ರಂಥವು ಸಿದ್ಧವಾಯಿತು. ಆತನ ಶಿಷ್ಯ ಹರ್ಬರ್ಟ್ ಬ್ಲೂಮರ್ 1937ರಲ್ಲಿ ಈ ಚಿಂತನೆಗೆ ‘ಸಾಂಕೇತಿಕ ಅಂತಃಕ್ರಿಯಾವಾದ’ ಎಂಬ ಹೆಸರನ್ನಿಟ್ಟನು. ವಸ್ತುವಿನ ಅರ್ಥವು ವಸ್ತುವಿನಲ್ಲಿಲ್ಲ, ಜನರ ಪರಸ್ಪರ ವ್ಯವಹಾರದಲ್ಲಿದೆ ಎಂಬುದು ಅದರ ತಿರುಳು.

ಕುಂಕುಮವನ್ನೇ ತೆಗೆದುಕೊಳ್ಳಿ. ಅದು ಚಿಟಿಕೆಯಷ್ಟು ಕೆಂಪು ಪುಡಿ. ಆದರೆ ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ತಂದೆಯವರು ತೀರಿಕೊಂಡ ಮೇಲೆ, ಆ ಚಿಟಿಕೆ ಪುಡಿಯನ್ನು ಹಿಡಿದ ಕೈಗಳು ನಮ್ಮ ತಾಯಿಯ ಮುಂದೆ ತಡೆದು ನಿಲ್ಲುವುದನ್ನು ಕಂಡೆನು. ಅದಕ್ಕೆ ಮುಂಚೆ ಊರಿನ ಸೋಬಾನೆಗಳಲ್ಲಿ ಪದವನ್ನು ಎತ್ತಿಕೊಡುವ ಧ್ವನಿ ಆಕೆಯದಾಗಿತ್ತು. ಹಾಡಬೇಡವೆಂದು ಆಕೆಗೆ ಯಾರೂ ಹೇಳಲಿಲ್ಲ. ಹಾಡೆಂದು ಕರೆಯುವುದನ್ನು ಮಾತ್ರ ಬಿಟ್ಟರು. ಆಕೆ ಮದುವೆಮನೆಯ ಚಪ್ಪರದಿಂದ ಒಲೆಯ ಬಳಿಗೆ ತಾನಾಗಿಯೇ ಸರಿದಳು. ಕೆಲವು ತಿಂಗಳುಗಳಲ್ಲಿ, ಮನೆಯಲ್ಲಿ ಒಬ್ಬಳೇ ಬೀಸುವಾಗಲೂ ಆಕೆಯ ಕಂಠದಿಂದ ಪದ ಹೊರಡದಾಯಿತು. ನೋಡುವವರು ಯಾರೂ ಇಲ್ಲದ ಆ ಬೆಳಗಿನ ಕತ್ತಲೆಯಲ್ಲಿಯೂ ಊರಿನ ಕಣ್ಣು ಆಕೆಯೊಳಗೆ ಎಚ್ಚರವಾಗಿತ್ತು.

ಇಂತಹ ಗುರುತುಗಳು ಮನುಷ್ಯರ ನಡುವಣ ಒಡನಾಟವನ್ನು ಹೇಗೆ ಕೆಡಿಸುತ್ತವೆಂಬುದನ್ನು ಎರ್ವಿಂಗ್ ಗಾಫ್‌ಮನ್ 1963ರಲ್ಲಿ ಕಳಂಕವನ್ನು ಕುರಿತು ಬರೆದ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾನೆ. ಕಳಂಕವು ವ್ಯಕ್ತಿಗೆ ಅಂಟಿದ ಗುಣವಲ್ಲ, ಸಂಬಂಧದಲ್ಲಿ ಹುಟ್ಟುವಂಥದು. ಅದನ್ನು ಓದಿದಾಗ ನನಗೆ ನೆನಪಾದವಳು ನಮ್ಮ ತಾಯಿಯೇ.

ಆದರೆ ಸಂಬಂಧದಲ್ಲಿ ಹುಟ್ಟಿದ್ದು ಸಂಬಂಧದಿಂದಲೇ ಬದಲಾಗಲೂ ಬಲ್ಲದು. ಎರಡು ವರ್ಷಗಳ ತರುವಾಯ ನೆರೆಮನೆಯ ಮುದುಕಿಯೊಬ್ಬಳು ಮೊಮ್ಮಗನಿಗೆ ಹೆಸರಿಡುವ ದಿನ ನಮ್ಮ ತಾಯಿಯ ಕೈಹಿಡಿದು ತೊಟ್ಟಿಲ ಬಳಿಗೆ ಕರೆತಂದು, “ಪದ ಎತ್ತಿಕೊಡು ತಂಗೀ, ನಿನ್ನ ಪದ ಕೇಳಿ ಬಹಳ ದಿನವಾಯಿತು” ಎಂದಳು. ಇಬ್ಬರು ಹೆಂಗಸರು ಎದ್ದು ಹೊರನಡೆದರು. ತಾಯಿ ಬಹಳ ಹೊತ್ತು ಸುಮ್ಮನೆ ನಿಂತು, ಕೊನೆಗೆ ಒಡೆದ ಧ್ವನಿಯಲ್ಲಿ ಒಂದು ನುಡಿಯನ್ನು ಎತ್ತಿದಳು. ಉಳಿದವರು ಸೊಲ್ಲು ಕೂಡಿಸಿದರು. ಊರೇನೂ ಅಂದಿಗೆ ಬದಲಾಗಲಿಲ್ಲ. ಮದುವೆಗಳಲ್ಲಿ ಆ ಕೈಗಳು ಆಮೇಲೆಯೂ ತಡೆದವು. ಆದರೆ ಬೀಸುಕಲ್ಲಿನ ಮುಂದಿನ ಹಾಡು ಮರಳಿ ಬಂದಿತು, ಮತ್ತೆ ನಿಲ್ಲಲಿಲ್ಲ.

ಇಲ್ಲಿಯೂ ಮೀಡ್‌ನ ಮಾತು ಸ್ಮರಣೀಯವಾದುದು. ಪರರ ದೃಷ್ಟಿಯಿಂದ ರೂಪುಗೊಂಡ ‘ನನ್ನನ್ನು’ ಎಂಬುದೊಂದು, ಅದಕ್ಕೆ ಉತ್ತರ ಕೊಡುವ ‘ನಾನು’ ಎಂಬುದೊಂದು, ಎರಡೂ ಸೇರಿ ಮನುಷ್ಯನಾಗುತ್ತಾನೆಂದು ಆತ ತಿಳಿದಿದ್ದನು. ಆ ಉತ್ತರವು ಹೇಗೆ ಬಂದೀತೆಂದು ಮುಂಚಿತವಾಗಿ ಹೇಳಬರುವಂತಿಲ್ಲ. ಮುದುಕಿಯು ಕರೆದಳು, ಹಾಡಬೇಕೆಂದು ನಿಶ್ಚಯಿಸಿದವಳು ತಾಯಿ. ಕರೆಯದಿದ್ದರೆ ಆ ನಿಶ್ಚಯಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಆದುದರಿಂದ, ವಾಚಕರೇ, ಇದನ್ನು ಕೇವಲ ಶಾಸ್ತ್ರದ ಮಾತೆಂದು ತಳ್ಳಿಬಿಡಬೇಡಿರಿ. ‘ದಡ್ಡ’ ಎಂದು ಮಗನನ್ನು ಕೂಗುವಾಗ, ಮನೆಗೆಲಸದವಳನ್ನು ಹೆಸರಿಲ್ಲದೆ ಕರೆಯುವಾಗ, ಪಂಕ್ತಿಯಲ್ಲಿ ಒಬ್ಬರನ್ನು ಕಂಡೂ ಕಾಣದಂತೆ ಮುಂದೆ ಸಾಗುವಾಗ ನಾವು ಒಂದು ಕನ್ನಡಿಯನ್ನು ಅವರ ಮುಂದೆ ಹಿಡಿದಿರುತ್ತೇವೆ. ಅದರಲ್ಲಿ ಅವರು ಏನನ್ನು ಕಾಣುತ್ತಾರೆಂಬುದರ ಹೊಣೆಯು ನಮ್ಮದೂ ಹೌದು. ತಮ್ಮ ಕೇರಿಯಲ್ಲಿಯೂ ಹಾಡು ನಿಲ್ಲಿಸಿದವರು ಯಾರಾದರೂ ಇದ್ದಾರು. ಈ ಸಲದ ಶುಭಕಾರ್ಯಕ್ಕೆ ಅವರನ್ನು ಕೈಹಿಡಿದು ಕರೆತನ್ನಿರಿ.